ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಬೆಂಕಿ ಬೇಡ

ಜತ್ತ ತಾಲ್ಲೂಕಿನಲ್ಲಿ ಈ ಸಲ ಅನಿರೀಕ್ಷಿತವಾಗಿ ಚಳಿ ಹೆಚ್ಚಿರುವುದರಿಂದ, ವಯಸ್ಸಾದ ತಾಯಿಯವರ ಕೋಣೆಯ ಬಾಗಿಲು ಮುಚ್ಚಿ ರಾತ್ರಿಯಿಡೀ ಇದ್ದಿಲಿನ ಅಗ್ಗಿಷ್ಟಿಕೆ ಇಡಬಹುದೇ ಎಂದು ಕೇಳಿದ್ದೀರಿ; ದಯವಿಟ್ಟು ಇಡಬೇಡಿ. ಇದ್ದಿಲಿನಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಗಾಳಿಗೆ ಬಣ್ಣವೂ ವಾಸನೆಯೂ ಇಲ್ಲ. ಅದು ರಕ್ತದಲ್ಲಿ ಆಮ್ಲಜನಕವನ್ನು ಸಾಗಿಸುವ ಹಿಮೋಗ್ಲೋಬಿನ್ ಜೊತೆ ಆಮ್ಲಜನಕಕ್ಕಿಂತ ಸುಮಾರು 200 ಪಟ್ಟು ಬಲವಾಗಿ ಸೇರಿಕೊಳ್ಳುವುದರಿಂದ, ಮಲಗಿದವರು ಎಚ್ಚರಗೊಳ್ಳದೆಯೇ ಪ್ರಾಣ ಕಳೆದುಕೊಳ್ಳಬಹುದು. 2021ರ ಫೆಬ್ರುವರಿಯಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ, ಅಂದರೆ ಬಿಸಿಲಿಗೇ ಒಗ್ಗಿಕೊಂಡಿದ್ದ ನಾಡಿನಲ್ಲಿ, ಹಿಮಗಾಳಿಗೆ ವಿದ್ಯುತ್ ನಿಂತಾಗ ಮನೆಯೊಳಗೆ ಇದ್ದಿಲು ಉರಿಸಿದವರೂ ಜನರೇಟರ್ ಓಡಿಸಿದವರೂ ಹೀಗೆಯೇ ವಿಷಗಾಳಿಗೆ ತುತ್ತಾದರು. ಅಲ್ಲಿ ಸತ್ತ 246 ಜನರಲ್ಲಿ ಹೆಚ್ಚಿನವರನ್ನು ಬಲಿ ತೆಗೆದುಕೊಂಡದ್ದು ಚಳಿಯೇ ಆದ್ದರಿಂದ, ನಿಮ್ಮ ಆತಂಕವೂ ಸರಿಯಾದದ್ದೇ. ಮೊದಲು ಹಾಸಿಗೆಯ ಕೆಳಗೆ ಎರಡು ಕೌದಿ ಹಾಸಿ, ಏಕೆಂದರೆ ನೆಲದ ತಂಪು ಮೈಯ ಬಿಸಿಯನ್ನು ಹೀರುತ್ತದೆ. ತಲೆಗೆ ಟೋಪಿ, ಕಾಲಿಗೆ ಕಾಲುಚೀಲ ಹಾಕಿ, ಮೇಲೆ ಕಂಬಳಿ ಹೊದಿಸಿ. ಬೆಂಕಿ ಕಾಯಿಸುವುದಿದ್ದರೆ ಅಂಗಳದಲ್ಲಿಯೇ ಕಾಯಿಸಿ.