ಆಪರೇಷನ್ ಆಗಿ ಆರು ವಾರ, ದಿನಾ ವಾಂತಿ: ಇದನ್ನು ಮಾಮೂಲಿ ಅನ್ನಬೇಡಿ

ತೂಕ ಇಳಿಸುವ ಆಪರೇಷನ್ ಬಗ್ಗೆ ಬರುವ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಥರದವು. ಖರ್ಚೆಷ್ಟು, ನೋವಾಗುತ್ತಾ, ಎಷ್ಟು ಕೆಜಿ ಇಳಿಯುತ್ತೆ? ಇವಕ್ಕೆ ನಿಮ್ಮ ಸರ್ಜನ್ ಮೊದಲ ಭೇಟಿಯಲ್ಲೇ ಉತ್ತರ ಕೊಡುತ್ತಾರೆ. ಹೊಟ್ಟೆಯನ್ನು ಕೊಳವೆಯಷ್ಟಕ್ಕೆ ಕತ್ತರಿಸುವ ಸ್ಲೀವ್, ಚಿಕ್ಕದು ಮಾಡಿದ ಹೊಟ್ಟೆಗೆ ಕರುಳನ್ನು ಜೋಡಿಸುವ ಬೈಪಾಸ್, ಇವನ್ನು ಹೇಗೆ ಮಾಡುತ್ತಾರೆ ಎಂದೂ ನಾನು ವಿವರಿಸುವುದಿಲ್ಲ. ನಾನು ಆಪರೇಷನ್ ಮಾಡುವವಳಲ್ಲ, ಮಾಡಿಸಿಕೊಂಡವರನ್ನು ಆಮೇಲೆ ವರ್ಷಗಟ್ಟಲೆ ನೋಡಿಕೊಳ್ಳುವ ಫಿಸಿಶಿಯನ್. ಈ ಸಲ ಒಂದೇ ಪತ್ರಕ್ಕೆ ಜಾಸ್ತಿ ಜಾಗ ಕೊಡುತ್ತಿದ್ದೇನೆ. ಇದೇ ಪ್ರಶ್ನೆ ಬೇರೆ ಬೇರೆ ಊರುಗಳಿಂದ ಮತ್ತೆ ಮತ್ತೆ ಬರುತ್ತಿದೆ, ಪ್ರತಿ ಸಲವೂ ತಡವಾಗಿ ಬರುತ್ತಿದೆ.

ಮೇಡಂ, ನಮ್ಮ ಅಮ್ಮನಿಗೆ 48 ವರ್ಷ. ಸ್ಲೀವ್ ಆಪರೇಷನ್ ಆಗಿ ಆರು ವಾರ ಆಯ್ತು. ಮೂರನೇ ವಾರಕ್ಕೇ ಅನ್ನ, ಮುದ್ದೆ ಶುರು ಮಾಡಿದ್ದರು. ಅಲ್ಲಿಂದ ದಿನಾ ವಾಂತಿ. 'ಹೊಟ್ಟೆ ಚಿಕ್ಕದಾಗಿದೆಯಲ್ಲ, ಒಗ್ಗಿಕೊಳ್ಳುತ್ತೆ ಬಿಡಿ' ಅಂತ ಎಲ್ಲರೂ ಹೇಳುತ್ತಾರೆ. ಸುಸ್ತಾದಾಗ ಊರಿನ ಕ್ಲಿನಿಕ್‌ನಲ್ಲಿ ಗ್ಲೂಕೋಸ್ ಹಾಕಿಸುತ್ತೇವೆ. ಎರಡು ದಿನದಿಂದ ನಡೆಯುವಾಗ ತೂರಾಡುತ್ತಾರೆ, ಎದುರಿಗಿರುವುದು ಎರಡೆರಡಾಗಿ ಕಾಣುತ್ತೆ ಅಂತಾರೆ. ಶಕ್ತಿ ಬರಲು ಏನು ಕೊಡಬೇಕು? (ಮಂಡ್ಯದಿಂದ ಒಬ್ಬ ಓದುಗರು)

ಶಕ್ತಿಯ ಮಾತು ಪಕ್ಕಕ್ಕಿಡಿ. ಈ ಪತ್ರ ಓದಿದ ಕೂಡಲೇ ಇವರಿಗೆ ಫೋನ್ ಮಾಡಿಸಿ, ಅಮ್ಮನನ್ನು ಇವತ್ತೇ ದೊಡ್ಡಾಸ್ಪತ್ರೆಯ ಎಮರ್ಜೆನ್ಸಿಗೆ ಕರೆದುಕೊಂಡು ಹೋಗಿ ಎಂದು ಹೇಳಿಸಿದ್ದೇನೆ. ಮುಂದೆ ಬರೆಯುತ್ತಿರುವುದು ಇದೇ ದಾರಿಯಲ್ಲಿರುವ ಉಳಿದವರಿಗಾಗಿ.

ತೂರಾಟ, ಎರಡೆರಡು ಕಾಣುವುದು, ಮಾತು ಮತ್ತು ನೆನಪಿನಲ್ಲಿ ಗೊಂದಲ. ವಾರಗಟ್ಟಲೆ ವಾಂತಿಯಾದವರಲ್ಲಿ ಈ ಮೂರರಲ್ಲಿ ಒಂದು ಕಂಡರೂ ನಾವು ಮೊದಲು ಅನುಮಾನ ಪಡುವುದು ಬಿ1 ವಿಟಮಿನ್, ಅಂದರೆ ಥಯಮಿನ್ ಕೊರತೆಯನ್ನು. ಅದು ಮೆದುಳಿಗೆ ತಟ್ಟಿದರೆ ವರ್ನಿಕೆ ಕಾಯಿಲೆ ಅನ್ನುತ್ತೇವೆ. ಬಿ12 ಹೆಸರು ಈಗ ಎಲ್ಲರ ಬಾಯಲ್ಲೂ ಇದೆ, ಬಿ1 ಕೇಳಿದವರು ಕಡಿಮೆ. ಬಿ12 ಲಿವರ್‌ನಲ್ಲಿ ವರ್ಷಗಳಿಗೆ ಸಾಕಾಗುವಷ್ಟು ಕೂಡಿಟ್ಟಿರುತ್ತದೆ. ಬಿ1 ಹಾಗಲ್ಲ. ಇಡೀ ಮೈಯಲ್ಲಿ ಇರುವುದೇ ಸುಮಾರು 30 ಮಿಲಿಗ್ರಾಂ. ತಿಂದದ್ದು ನಿಲ್ಲದೆ ಹೋದರೆ ಎರಡು ಮೂರು ವಾರದಲ್ಲಿ ಅದು ಖಾಲಿ. ಪಾಲಿಶ್ ಮಾಡಿದ ಬಿಳಿ ಅಕ್ಕಿಯ ಗಂಜಿ ಒಂದನ್ನೇ ಕುಡಿಸುತ್ತಿದ್ದರೆ ಇನ್ನೂ ಬೇಗ, ಯಾಕೆಂದರೆ ಬಿ1 ತವುಡಿನ ಜೊತೆಗೇ ಹೊರಟುಹೋಗಿರುತ್ತದೆ.

ಈಗ ಆ ಗ್ಲೂಕೋಸ್ ಬಾಟಲಿಯ ವಿಷಯ. ಮೈ ಗ್ಲೂಕೋಸನ್ನು ಉರಿಸಿ ಶಕ್ತಿ ಮಾಡಿಕೊಳ್ಳಲು ಬಿ1 ಬೇಕೇ ಬೇಕು. ಒಳಗೆ ಬಿ1 ಇಲ್ಲದ ಹೊತ್ತಿನಲ್ಲಿ ಬರೀ ಗ್ಲೂಕೋಸ್ ಏರಿಸಿದರೆ ಉಳಿದ ಚೂರುಪಾರೂ ಅದಕ್ಕೇ ಖರ್ಚಾಗುತ್ತದೆ. ಬಾಟಲಿ ಮುಗಿದ ಸಂಜೆ ಮುಖ ಸ್ವಲ್ಪ ಅರಳುತ್ತದೆ, ಮೈಗೆ ನೀರು ಸಿಕ್ಕಿರುತ್ತದಲ್ಲ. ಮನೆಯವರಿಗೆ ಸಮಾಧಾನ. ಮೂರನೇ ದಿನ ಮತ್ತೆ ಅದೇ ಮಂಚ, ಅದೇ ಸ್ಟ್ಯಾಂಡು, ಅದೇ ಬಾಟಲಿ. ಜೊತೆಗೊಂದು ಕೆಂಪು ಬಣ್ಣದ 'ಶಕ್ತಿ ಇಂಜೆಕ್ಷನ್'. ಆ ಕೆಂಪು ಬಿ12ನದು. ಅದರಿಂದ ಬಿ1 ಕೊರತೆ ನೀಗುವುದಿಲ್ಲ.

ಊರಿನ ಡಾಕ್ಟರುಗಳನ್ನು ನಾನು ದೂರುತ್ತಿಲ್ಲ. ಆಪರೇಷನ್ ಆಗಿರುವುದನ್ನು ಮುಚ್ಚಿಟ್ಟು, 'ಗ್ಯಾಸ್ಟ್ರಿಕ್ಕು, ಒಂದು ಬಾಟಲಿ ಹಾಕಿ' ಎಂದು ಕೇಳುವ ಮನೆಯವರೇ ಎಷ್ಟೋ ಜನ ಇದ್ದಾರೆ. ನನಗೆ ಸಿಟ್ಟು ಬರುವುದು ಓದದೆ ಬೋರ್ಡ್ ಹಾಕಿಕೊಂಡು ಬಾಟಲಿ ಲೆಕ್ಕದಲ್ಲಿ ದುಡ್ಡು ಎಣಿಸುವವರ ಮೇಲೆ. ಕ್ಲಿನಿಕ್‌ಗೆ ಕೆಪಿಎಂಇ ನೋಂದಣಿ, ಅಂದರೆ ರಾಜ್ಯದ ಖಾಸಗಿ ಆಸ್ಪತ್ರೆಗಳ ಕಾಯ್ದೆಯಡಿ ನೋಂದಣಿ, ಇದೆಯಾ ಎಂದು ಕೇಳುವುದು ನಿಮ್ಮ ಹಕ್ಕು. ನಾಚಿಕೊಳ್ಳಬೇಡಿ.

ಎಮರ್ಜೆನ್ಸಿಯಲ್ಲಿ ಹೀಗೆ ಹೇಳಿ: 'ಹೊಟ್ಟೆ ಚಿಕ್ಕದು ಮಾಡುವ ಆಪರೇಷನ್ ಆಗಿ ಇಷ್ಟು ವಾರ ಆಗಿದೆ. ಇಷ್ಟು ದಿನದಿಂದ ವಾಂತಿ. ಈಗ ತೂರಾಟ ಇದೆ. ಥಯಮಿನ್ ಕೊಟ್ಟಿಲ್ಲ.' ಈ ನಾಲ್ಕು ಮಾತು ಸಾಕು, ಡ್ಯೂಟಿ ಡಾಕ್ಟರ್‌ಗೆ ಅರ್ಥವಾಗುತ್ತದೆ. ಡಿಸ್ಚಾರ್ಜ್ ಸಮ್ಮರಿ ಕೈಯಲ್ಲಿರಲಿ. ಇಂಥ ಸ್ಥಿತಿಯಲ್ಲಿ ಥಯಮಿನನ್ನು ಗ್ಲೂಕೋಸ್‌ಗಿಂತ ಮೊದಲು ಕೊಡಬೇಕು. ಸಕ್ಕರೆ ತೀರಾ ಇಳಿದುಹೋಗಿದ್ದರೆ ಎರಡನ್ನೂ ಒಟ್ಟಿಗೇ ಕೊಡಬೇಕು. ಥಯಮಿನ್ ರಕ್ತನಾಳಕ್ಕೇ, ದಿನಕ್ಕೆ ನೂರಾರು ಮಿಲಿಗ್ರಾಂ, ಕೆಲವು ದಿನ. ಮಾತ್ರೆ ನುಂಗಿಸಿ ಪ್ರಯೋಜನವಿಲ್ಲ, ಅದೂ ವಾಂತಿಯಾಗಿ ಹೋಗುತ್ತದೆ. ರಕ್ತ ಪರೀಕ್ಷೆಯ ರಿಪೋರ್ಟ್ ಬರಲಿ ಎಂದು ಕಾಯಲೂಬಾರದು. ಬೇಗ ಕೊಟ್ಟರೆ ಕಣ್ಣು ಕೆಲವೇ ದಿನಗಳಲ್ಲಿ ಸರಿಹೋಗುತ್ತದೆ, ನಡಿಗೆಗೆ ವಾರಗಳು, ಕೆಲವರಿಗೆ ತಿಂಗಳುಗಳು ಬೇಕು. ತಡವಾದರೆ ಹೋದ ನೆನಪಿನ ಶಕ್ತಿ ಪೂರ್ತಿ ವಾಪಸ್ ಬಾರದೆ ಇರಬಹುದು. ಇಷ್ಟು ಅಗ್ಗದ ಔಷಧಿ ಸಿಗದೆ ಮನುಷ್ಯರು ಮೂಲೆ ಹಿಡಿಯುವುದನ್ನು ನೋಡಿದಾಗ ಸಂಕಟವಾಗುತ್ತದೆ.

ಇನ್ನು ವಾಂತಿ ಯಾಕೆ ಎಂಬ ಮಾತು. ಒಂದು ಕಾರಣ ಒಳಗೆ ದಾರಿ ಕಿರಿದಾಗಿರುವುದು. ಸ್ಲೀವ್‌ನಲ್ಲಿ ಹೊಟ್ಟೆ ತಿರುಗುವ ಜಾಗದಲ್ಲಿ, ಬೈಪಾಸ್‌ನಲ್ಲಿ ಜೋಡಿಸಿದ ಜಾಗದಲ್ಲಿ ಹೀಗಾಗುತ್ತದೆ. ಎಂಡೋಸ್ಕೋಪಿ ಮಾಡಿ, ಬಲೂನಿನಿಂದ ಹಿಗ್ಗಿಸಿ ಸರಿ ಮಾಡಬಹುದು. 'ಒಗ್ಗಿಕೊಳ್ಳುತ್ತೆ' ಎಂದು ಕಾದರೆ ಅದು ತಾನಾಗಿ ಅಗಲವಾಗುವುದಿಲ್ಲ.

ಇನ್ನೊಂದು ಕಾರಣ ನಮ್ಮ ಊಟದ ಪದ್ಧತಿ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಮುರಿದು, ಸಾರಲ್ಲಿ ಅದ್ದಿ, ನುಂಗುತ್ತಾರೆ. ಚಿಕ್ಕಂದಿನಿಂದ ಬಂದ ಅಭ್ಯಾಸ. ಸ್ಲೀವ್ ಆದ ಮೇಲೆ ಉಳಿಯುವುದು ಬಾಳೆಕಾಯಿ ಗಾತ್ರದ ಕೊಳವೆ, ನೂರು ನೂರೈವತ್ತು ಮಿಲಿ ಹಿಡಿಯುವಂಥದ್ದು. ನುಂಗಿದ ತುತ್ತು ಅದರ ಬಾಯಲ್ಲಿ ಕೂತುಬಿಡುತ್ತದೆ. ಎದೆ ಬಿಗಿಯುತ್ತದೆ, ಬಾಯಿತುಂಬ ಜೊಲ್ಲು, ಆಮೇಲೆ ನೊರೆನೊರೆಯಾಗಿ ವಾಂತಿ. ತುತ್ತು ಇಳಿಯಲಿ ಎಂದು ಮೇಲೆ ನೀರು ಕುಡಿದರೆ ಇನ್ನೂ ಕಷ್ಟ. ರಾಗಿಯನ್ನು ನಾನು ಬೇಡ ಅನ್ನುತ್ತಿಲ್ಲ. ಅಂಬಲಿ ಮಾಡಿ ಗುಟುಕು ಗುಟುಕಾಗಿ ಕುಡಿಯಿರಿ. ಮುದ್ದೆ ನುಂಗುವುದು ಮಾತ್ರ ಬೇಡ. ಕೆಲವು ಡಯಟೀಶಿಯನ್‌ಗಳು ಮೂರು ತಿಂಗಳಾದ ಮೇಲೆ ಪರವಾಗಿಲ್ಲ ಅನ್ನುತ್ತಾರೆ. ನಾನು ನನ್ನ ರೋಗಿಗಳಿಗೆ ಒಂದು ವರ್ಷ ಬೇಡ ಅನ್ನುತ್ತೇನೆ. ಇದು ನನ್ನ ಭಯ ಅಂತಲೇ ಇಟ್ಟುಕೊಳ್ಳಿ.

ಮೊದಲ ಎರಡು ವಾರ ನೀರಿನಂಥ ಆಹಾರ, ಮುಂದಿನ ಎರಡು ವಾರ ಮಿಕ್ಸಿಗೆ ಹಾಕಿದ್ದು, ಆಮೇಲೆ ಮೆತ್ತಗಿನದು, ಎರಡು ತಿಂಗಳ ಹೊತ್ತಿಗೆ ಮನೆಯ ಊಟ. ಈ ಕ್ರಮ ಸುಮ್ನೆ ಬರೆದುಕೊಟ್ಟದ್ದಲ್ಲ, ಒಳಗಿನ ಹೊಲಿಗೆ ಗಟ್ಟಿಯಾಗಲು ಬೇಕಾದ ಸಮಯ ಅದು. 'ಪಾಪ, ಬರೀ ನೀರಲ್ಲಿ ಹೇಗಿರ್ತಾಳೆ' ಎಂದು ಮೂರನೇ ವಾರಕ್ಕೆ ತಟ್ಟೆ ಇಡುವ ಪ್ರೀತಿ ಬೇಡ. ವಾಂತಿ ಶುರುವಾದಾಗ ಜನ ಮೊದಲು ನಿಲ್ಲಿಸುವುದೇ ವಿಟಮಿನ್ ಮಾತ್ರೆ. ಅದು ಅತ್ಯಂತ ಬೇಕಾದ ಹೊತ್ತೇ ಅದು. ಹಾಗಾಗಿ ನನ್ನ ನಿಯಮ ಇಷ್ಟೇ: ಒಂದು ದಿನ ನೀರೂ ನಿಲ್ಲಲಿಲ್ಲವೆಂದರೆ ಅವತ್ತೇ ಆಪರೇಷನ್ ಮಾಡಿದ ತಂಡಕ್ಕೆ ಫೋನ್. ಎರಡು ಮೂರು ದಿನ ವಾಂತಿ ಮುಂದುವರಿದರೆ ಥಯಮಿನ್ ಇಂಜೆಕ್ಷನ್. ಆಪರೇಷನ್‌ಗೆ ದಿನ ಗೊತ್ತು ಮಾಡುವ ಮೊದಲೇ ಕೇಳಿಕೊಳ್ಳಿ: ರಾತ್ರಿ ಹೊತ್ತು ಯಾವ ನಂಬರಿಗೆ ಮಾಡಬೇಕು, ಎತ್ತುವವರು ಯಾರು? ಇದಕ್ಕೆ ಸರಿಯಾದ ಉತ್ತರ ಕೊಡದ ಕಡೆ ಆಪರೇಷನ್ ಮಾಡಿಸಿಕೊಳ್ಳಬೇಡಿ, ರೇಟು ಎಷ್ಟೇ ಕಡಿಮೆ ಇರಲಿ.

ಬೈಪಾಸ್ ಆದವರಿಗೆ ಇನ್ನೊಂದು ಮಾತು. ವರ್ಷಗಳ ನಂತರವೂ ಹೊಟ್ಟೆ ಹಿಂಡಿದಂಥ ನೋವು ಬಂದು ಬಂದು ಹೋಗುತ್ತಿದ್ದರೆ ಗ್ಯಾಸ್ ಮಾತ್ರೆ ನುಂಗಿ ಮಲಗಬೇಡಿ. ಕರುಳು ಒಳಗೇ ಸಿಕ್ಕಿಕೊಂಡಿರಬಹುದು. ಮಂಡಿ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ಮಾತ್ರೆಗಳೂ ಬೇಡ, ಜೋಡಿಸಿದ ಜಾಗದಲ್ಲಿ ಹುಣ್ಣಾಗುತ್ತದೆ. ಬೀಡಿ ಸಿಗರೇಟಿನಿಂದಲೂ ಅದೇ.

ನಾಲ್ಕನೇ ತಿಂಗಳು. ಕೂದಲು ಕಿತ್ತು ಕಿತ್ತು ಬರುತ್ತಿದೆ. ಯಾವ ಎಣ್ಣೆ ಹಚ್ಚಲಿ?

ಯಾವುದೂ ಬೇಡ. ಮೂರರಿಂದ ಆರು ತಿಂಗಳ ನಡುವೆ ಉದುರುತ್ತದೆ, ಬಹುಪಾಲು ಜನರಿಗೆ ಮತ್ತೆ ಬರುತ್ತದೆ. ಎಣ್ಣೆಯ ದುಡ್ಡಿಗೆ ಮೊಟ್ಟೆ, ಪನೀರ್, ಹೆಸರುಕಾಳು ತನ್ನಿ. ದಿನಕ್ಕೆ 60 ಗ್ರಾಂ ಪ್ರೋಟೀನ್ ಆಗುತ್ತಿದೆಯಾ ಎಂದು ಲೆಕ್ಕ ಹಾಕಿ, ಕಬ್ಬಿಣದ ಅಂಶ ಪರೀಕ್ಷೆ ಮಾಡಿಸಿ. ಕಬ್ಬಿಣದ ಮಾತ್ರೆಯನ್ನು ಕಾಫಿ ಜೊತೆ ತೆಗೆದುಕೊಳ್ಳಬೇಡಿ. ಕ್ಯಾಲ್ಸಿಯಂ ಮಾತ್ರೆಗೂ ಅದಕ್ಕೂ ಎರಡು ಗಂಟೆ ಅಂತರ ಇರಲಿ.

ಆಪರೇಷನ್ ಬೇಡ ಅಂತ ಉಪ್ಪಾಗೆ ಕ್ಯಾಪ್ಸೂಲ್ ಮತ್ತು ಬೆಳಿಗ್ಗೆ ಸೋರೆಕಾಯಿ ಜ್ಯೂಸ್ ಶುರು ಮಾಡಿದ್ದೇನೆ. ಎಷ್ಟು ದಿನದಲ್ಲಿ ಇಳಿಯುತ್ತೆ?

ಇಳಿಯುವುದಿಲ್ಲ. ಮಲೆನಾಡಿನಲ್ಲಿ ಅಡುಗೆಗೆ ಹುಳಿಯಾಗಿ ಹಾಕುವ ಉಪ್ಪಾಗೆ ಬೇರೆ, ಅದರ ಸತ್ವವನ್ನು ಗಟ್ಟಿ ಮಾಡಿ 'ಕೊಬ್ಬು ಕರಗಿಸುತ್ತೆ' ಎಂದು ಮಾರುವ ಕ್ಯಾಪ್ಸೂಲ್ ಬೇರೆ. ಎರಡನೆಯದರಿಂದ ಲಿವರ್ ಕೆಟ್ಟ ಉದಾಹರಣೆಗಳು ವೈದ್ಯಕೀಯ ದಾಖಲೆಗಳಲ್ಲಿ ಇವೆ. ಸೋರೆಕಾಯಿ ಜ್ಯೂಸ್ ಕಹಿ ಇದ್ದರೆ ಅದು ವಿಷ. ಕುಡಿದು ರಕ್ತವಾಂತಿಯಾದವರಿದ್ದಾರೆ, ನಮ್ಮ ದೇಶದಲ್ಲಿ ಸತ್ತವರೂ ಇದ್ದಾರೆ. ಕಹಿ ಇಲ್ಲದ ಕಾಯಿಯನ್ನು ಪಲ್ಯ ಮಾಡಿ ತಿನ್ನಿ.

ಆಪರೇಷನ್ ಆದ ವಾರಕ್ಕೇ ಶುಗರ್ ನಾರ್ಮಲ್. ವಾಸಿಯಾಯ್ತು ಅಲ್ವಾ?

ತಗ್ಗಿದೆ, ವಾಸಿಯಾಗಿಲ್ಲ. ಇನ್ಸುಲಿನ್, ಮಾತ್ರೆ ಎಷ್ಟು ಇಳಿಸಬೇಕು ಎಂದು ಡಾಕ್ಟರ್ ಹೇಳಲಿ, ನೀವಾಗಿ ನಿಲ್ಲಿಸಬೇಡಿ, ಹಳೆಯ ಡೋಸನ್ನೂ ಮುಂದುವರಿಸಬೇಡಿ. ಕಣ್ಣು, ಕಿಡ್ನಿ ಪರೀಕ್ಷೆ ಪ್ರತಿ ವರ್ಷ.

ಮುಂದಿನ ತಿಂಗಳು ಆಪರೇಷನ್. ಎರಡು ವಾರ ಪಥ್ಯ ಅಂದಿದ್ದಾರೆ. ಅದಕ್ಕೆ ಮೊದಲು ಇಷ್ಟದ್ದೆಲ್ಲ ತಿಂದು ಮುಗಿಸಬಹುದಾ?

ಬೇಡ. ಆ ಪಥ್ಯ ಲಿವರ್ ಕುಗ್ಗಲಿ ಎಂದು. ಕೊಬ್ಬು ತುಂಬಿದ ಲಿವರ್ ಹೊಟ್ಟೆಯ ಮೇಲೆ ಮಲಗಿಕೊಂಡು ಸರ್ಜನ್‌ಗೆ ದಾರಿ ಬಿಡುವುದಿಲ್ಲ. ಗೊರಕೆ ಜೋರಿದ್ದರೆ ನಿದ್ದೆಯ ಪರೀಕ್ಷೆಯನ್ನೂ ಮಾಡಿಸಿ.

ವರ್ಷ ಆಯ್ತು, ಅಪರೂಪಕ್ಕೆ ಒಂದೆರಡು ಪೆಗ್?

ಬೇಡವೇ ಬೇಡ. ನಿಮಗೀಗ ಒಂದು ಪೆಗ್ ಮೊದಲಿನ ಒಂದು ಪೆಗ್ ಅಲ್ಲ, ಊಟ ಬಿಟ್ಟ ಮನಸ್ಸು ಕುಡಿತಕ್ಕೆ ತಿರುಗುವುದೂ ಉಂಟು.

2025ರಲ್ಲಿ ಬಂದ ಇಂಜೆಕ್ಷನ್‌ಗಳಿವೆಯಲ್ಲ, ಮೌಂಜಾರೋ, ವೆಗೋವಿ. ಇನ್ನು ಆಪರೇಷನ್ ಯಾಕೆ?

ಒಳ್ಳೆಯ ಔಷಧಿಗಳೇ. ನಿಲ್ಲಿಸಿದರೆ ಹೆಚ್ಚಿನವರಿಗೆ ತೂಕ ವಾಪಸ್ ಬರುತ್ತದೆ. ಯಾರಿಗೆ ಯಾವುದು ಎಂಬುದು ನಿಮ್ಮ ರಿಪೋರ್ಟ್ ನೋಡಿ ಹೇಳುವ ಮಾತು. ಬ್ಯೂಟಿ ಪಾರ್ಲರ್‌ನಲ್ಲಿ ಮಾತ್ರ ಚುಚ್ಚಿಸಿಕೊಳ್ಳಬೇಡಿ.

ನನ್ನ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) 33, ಶುಗರ್ ಇದೆ. ಇನ್ಶೂರೆನ್ಸ್ ಸಿಗುತ್ತಾ?

ಸಿಗುವುದು ಕಷ್ಟ. ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐ ನಿಯಮದಲ್ಲಿ ಬಿಎಂಐ 40 ಇರಬೇಕು, ಇಲ್ಲವೇ 35ರ ಜೊತೆಗೆ ಹತೋಟಿಗೆ ಬಾರದ ಡಯಾಬಿಟಿಸ್, ಹೃದಯದ ತೊಂದರೆ, ನಿದ್ದೆಯಲ್ಲಿ ಉಸಿರು ಕಟ್ಟುವ ತೀವ್ರ ತೊಂದರೆ ಇಂಥದ್ದೇನಾದರೂ ಇರಬೇಕು. ವೈದ್ಯರ ಅಂತರರಾಷ್ಟ್ರೀಯ ಸಂಘಗಳು 2022ರಲ್ಲಿ ಏಷ್ಯಾದವರಿಗೆ ಈ ಗಡಿಯನ್ನು 27.5ಕ್ಕೆ ಇಳಿಸಿ ಹೇಳಿವೆ. ನಮ್ಮ ಮೈ ಕಡಿಮೆ ತೂಕಕ್ಕೇ ಶುಗರ್ ತಂದುಕೊಳ್ಳುತ್ತದೆ ಎಂಬುದು ಗೊತ್ತಿದ್ದೂ ವಿಮೆಯ ನಿಯಮ ಹಳೆಯ ಲೆಕ್ಕದಲ್ಲೇ ನಿಂತಿರುವುದು ಸರಿಯಲ್ಲ.

ನನಗೆ 27. ಆಪರೇಷನ್ ಆಗಿ ಐದು ತಿಂಗಳು, 30 ಕೆಜಿ ಇಳಿದಿದ್ದೇನೆ. ಮದುವೆ ಗೊತ್ತಾಗಿದೆ. ಹುಡುಗನ ಮನೆಯವರಿಗೆ ಹೇಳಬೇಡ ಅಂತ ಅಪ್ಪ ಅಮ್ಮ ಅನ್ನುತ್ತಾರೆ. (ದಾವಣಗೆರೆ)

ಮನೆತನದ ಮಾತಿನಲ್ಲಿ ನಾನು ಸಾಮಾನ್ಯವಾಗಿ ತಲೆ ಹಾಕುವುದಿಲ್ಲ, ಇಲ್ಲಿ ಹಾಕುತ್ತೇನಮ್ಮ. ಕನಿಷ್ಠ ಹುಡುಗನಿಗಾದರೂ ಹೇಳಿ. ಆಪರೇಷನ್ ಆದ ಮೇಲೆ ಒಂದರಿಂದ ಒಂದೂವರೆ ವರ್ಷ ಗರ್ಭ ಧರಿಸಬಾರದು, ತೂಕ ಇಳಿಯುತ್ತಿರುವ ಮೈಯಲ್ಲಿ ಮಗುವಿಗೆ ಪೋಷಣೆ ಸಾಲುವುದಿಲ್ಲ. ತೂಕ ಇಳಿದಾಗ ಮುಟ್ಟು ಸರಿಯಾಗಿ, ಪಿಸಿಓಡಿ ಇದ್ದವರೂ ಬೇಗ ಬಸುರಾಗುತ್ತಾರೆ. ಬೈಪಾಸ್ ಆಗಿದ್ದರೆ ಗರ್ಭನಿರೋಧಕ ಮಾತ್ರೆಯನ್ನು ಪೂರ್ತಿ ನಂಬುವಂತಿಲ್ಲ, ಬೇರೆ ವಿಧಾನ ಬೇಕು. ಇದನ್ನೆಲ್ಲ ಗಂಡನಿಗೆ ಗೊತ್ತಿಲ್ಲದೆ ನಡೆಸಲಾದೀತೇ? ಮುಂದೆ ಬಸುರಿಯಾದಾಗ ವಾಂತಿ ಬರುತ್ತದೆ. 'ಬಸುರಿ ವಾಂತಿ, ಸಹಜ' ಎಂದು ಅತ್ತೆ ಸುಮ್ಮನಾದರೆ, ಮೇಲೆ ಮಂಡ್ಯದ ಪತ್ರಕ್ಕೆ ಬರೆದ ಅಪಾಯ ನಿಮಗೂ ಬರಬಹುದು. ಆಪರೇಷನ್ ಆಗಿದೆ ಎಂದು ಗೊತ್ತಿದ್ದವರು ಮಾತ್ರ ಹೊತ್ತಿಗೆ ಸರಿಯಾಗಿ ಎಚ್ಚರವಾಗುತ್ತಾರೆ.

ಮದುವೆ ದಿನದ ಎಲೆಯ ವಿಷಯವನ್ನೂ ಈಗಲೇ ಮಾತಾಡಿಕೊಳ್ಳಿ. ಬೀಗರೂಟದಲ್ಲಿ ಒತ್ತಾಯ ಮಾಡಿ ಬಡಿಸುತ್ತಾರೆ. ಎರಡು ಹೋಳಿಗೆ, ಮೇಲೆ ಪಾಯಸ ಹೋದರೆ ಅರ್ಧ ಗಂಟೆಯಲ್ಲಿ ಎದೆ ಬಡಿತ, ಬೆವರು, ಹೊಟ್ಟೆ ಮುರಿತ ಬರಬಹುದು, ಬೈಪಾಸ್ ಆಗಿದ್ದರೆ ಅದು ಇನ್ನೂ ಜಾಸ್ತಿ. ಮುಂದಿನ ಚೆಕಪ್‌ಗೆ ಹುಡುಗನನ್ನೂ ಕರೆದುಕೊಂಡು ಹೋಗಿ. ನಿಮ್ಮ ಬಾಯಲ್ಲಿ ಹೇಳಲು ಕಷ್ಟವಾದದ್ದನ್ನು ಅಲ್ಲಿನ ಡಯಟೀಶಿಯನ್ ಹೇಳುತ್ತಾರೆ, ಅವರಿಗೆ ಅದು ದಿನದ ಕೆಲಸ.