ಮಾಲೀಕರಿಗೆ ಮತ ಯಾಕಿಲ್ಲ?

ಅಮೆರಿಕದ ಗೋದಾಮು ಕಾರ್ಮಿಕರ ಯೂನಿಯನ್ ಚುನಾವಣೆ ಬಗ್ಗೆ ಕಳೆದ ಸಂಚಿಕೆಯಲ್ಲಿ ಬಂದ ಲೇಖನ ಓದಿ ಹುಬ್ಬಳ್ಳಿಯ ಓದುಗರೊಬ್ಬರು ಬರೆದಿದ್ದಾರೆ: “ನಾನು ಸಣ್ಣ ವರ್ಕ್‌ಶಾಪ್ ಇಟ್ಟಿದ್ದೇನೆ. ಹನ್ನೆರಡು ಜನ ಇದ್ದಾರೆ, ಮನೆಯವರ ಹಾಗೆ ನೋಡಿಕೊಳ್ಳುತ್ತೇನೆ. ಬಂಡವಾಳ ಹಾಕಿದವನಿಗೇ ಮತ ಇಲ್ಲ ಅಂದರೆ ಅದೆಂಥ ಚುನಾವಣೆ?”

ನಿಮ್ಮ ಪತ್ರ ಎರಡು ಸಲ ಓದಿದೆ ಸರ್. ಕೋಪಕ್ಕಿಂತ ನೋವೇ ಜಾಸ್ತಿ ಕಾಣಿಸಿತು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಆ ಚುನಾವಣೆ ನಡೆಯುವುದು ಫ್ಯಾಕ್ಟರಿ ಯಾರದ್ದು ಅಂತ ತೀರ್ಮಾನಿಸಲು ಅಲ್ಲ. ಸಂಬಳ, ರಜೆ, ಪಾಳಿ ವಿಷಯದಲ್ಲಿ ಮಾಲೀಕರ ಎದುರು ಕೂತು ಕಾರ್ಮಿಕರ ಪರ ಮಾತಾಡುವವರು ಯಾರು ಅನ್ನುವುದಷ್ಟೇ ಅಲ್ಲಿನ ಪ್ರಶ್ನೆ. ಕೋರ್ಟಿನಲ್ಲಿ ಎದುರು ಪಕ್ಷದ ವಕೀಲರನ್ನು ನಾವು ಆರಿಸುತ್ತೇವಾ? ಇಲ್ಲ ಅಲ್ವಾ? ಮೇಲ್ವಿಚಾರಕರಿಗೂ ಅಲ್ಲಿ ಮತ ಇಲ್ಲದಿರುವುದು ಇದೇ ಕಾರಣಕ್ಕೆ.

1935ರ ಕಾನೂನಿನ ಪ್ರಕಾರ ಈ ಚುನಾವಣೆ ನಡೆಸುವುದು ಸರ್ಕಾರದ ಕಾರ್ಮಿಕ ಮಂಡಳಿ. ನೂರಕ್ಕೆ 30 ಜನ ಸಹಿ ಹಾಕಿದರೆ ಅರ್ಜಿ ಹಾಕಬಹುದು. ಮತ ಗುಪ್ತ. ಮಾಲೀಕರು ಮತದಾರರ ಹೆಸರು, ವಿಳಾಸದ ಪಟ್ಟಿ ಕೊಡಬೇಕು. ಎಣಿಕೆ ಆದಮೇಲೆ ತಕರಾರಿದ್ದರೆ ಹೇಳಬಹುದು. ಬಾಯಿಗೆ ಬೀಗವೇನೂ ಇಲ್ಲ. “ಯೂನಿಯನ್ ಬೇಡ, ನನ್ನ ಕಾರಣ ಇವು” ಅನ್ನಬಹುದು. ಆದರೆ ಹೆದರಿಸುವಂತಿಲ್ಲ, ಆಮಿಷ ತೋರಿಸುವಂತಿಲ್ಲ. ಮತದಾನಕ್ಕೆ ಮುಂಚಿನ 24 ಗಂಟೆ ಕೆಲಸದ ವೇಳೆಯಲ್ಲಿ ಎಲ್ಲರನ್ನೂ ಕೂಡಿಸಿ ಭಾಷಣ ಮಾಡುವಂತಿಲ್ಲ. ಈ ಕೊನೆಯ ನಿಯಮ ಯೂನಿಯನ್‌ಗೂ ಇದೆ.

ಇಷ್ಟು ಬಿಗಿ ಯಾಕೆ ಅಂದರೆ, ಅಲಬಾಮಾದ ಬೆಸ್ಸೆಮರ್ ಊರಿನ ಅಮೆಜಾನ್ ಗೋದಾಮಿನ ಕತೆ ನೋಡಿ. 2021ರಲ್ಲಿ ಕೋವಿಡ್ ಇದ್ದದ್ದರಿಂದ ಅಂಚೆ ಮೂಲಕ ಮತದಾನ. ಕಂಪನಿ ಗೋದಾಮಿನ ಬಾಗಿಲ ಹತ್ತಿರದ ಪಾರ್ಕಿಂಗ್ ಜಾಗದಲ್ಲೇ ಒಂದು ಅಂಚೆ ಪೆಟ್ಟಿಗೆ ಹಾಕಿಸಿತು. ಸುತ್ತ ಟೆಂಟು, ಟೆಂಟಿನ ಮೇಲೆ ಕಂಪನಿಯದೇ ಪ್ರಚಾರದ ಮಾತು. ಪೆಟ್ಟಿಗೆಗೆ ಯಾರೂ ಕೈ ಹಾಕಬೇಕಿಲ್ಲ ಸರ್. ಪಾಳಿ ಮುಗಿಸಿ ಲಕೋಟೆ ಹಿಡಿದು ಅಲ್ಲಿಗೆ ನಡೆಯುವವನಿಗೆ “ಯಾರೋ ನೋಡುತ್ತಿದ್ದಾರೆ” ಅನ್ನಿಸಿದರೆ ಸಾಕು. ಯೂನಿಯನ್‌ಗೆ 738 ಮತ, ವಿರೋಧವಾಗಿ 1,798. ಇಷ್ಟು ಅಂತರ ಇದ್ದರೂ ಮಂಡಳಿಯ ಅಧಿಕಾರಿ ಆ ಪೆಟ್ಟಿಗೆಯ ವಿಚಾರವನ್ನು ಸುಮ್ನೆ ಬಿಡಲಿಲ್ಲ. ಮತ್ತೆ ಚುನಾವಣೆ ನಡೆಸಿ ಅಂದರು.

ಮರುವರ್ಷ ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್ ಗೋದಾಮಿನಲ್ಲಿ ಯೂನಿಯನ್ 2,654–2,131ರಿಂದ ಗೆದ್ದಿತು. ಅಲ್ಲಿ ಕಂಪನಿ ತಕರಾರು ಹಾಕಿತು. ಅದನ್ನೂ ವಿಚಾರಣೆ ಮಾಡಿಯೇ ತಳ್ಳಿಹಾಕಿದರು.

ನಿಮ್ಮ ಒಳ್ಳೆಯತನದ ಮೇಲೆ ನನಗೆ ಅನುಮಾನ ಇಲ್ಲ. ಆದರೆ ನಿಮ್ಮ ಹುಡುಗರಲ್ಲಿ ಒಬ್ಬನಿಗೆ ಓವರ್‌ಟೈಮ್ ಕಡಿಮೆ ಬಂದಿದೆ ಅನ್ನಿಸಿದೆ ಅಂದುಕೊಳ್ಳಿ. ನಿಮ್ಮ ಮೇಲಿನ ಗೌರವಕ್ಕೇ ಅವನು ಸುಮ್ಮನಿರಬಹುದು. ಮನೆಯವರ ಹಾಗೆ ಇದ್ದಾಗ ಕೇಳುವುದು ಇನ್ನೂ ಕಷ್ಟ.

ನಿಮ್ಮೂರಲ್ಲೇ ನೈರುತ್ಯ ರೈಲ್ವೆಯ ಮುಖ್ಯ ಕಚೇರಿ ಇದೆ. 2024ರ ಡಿಸೆಂಬರ್‌ನಲ್ಲಿ ಅಲ್ಲಿನ ನೌಕರರೂ ಯಾವ ಯೂನಿಯನ್‌ಗೆ ಮಾನ್ಯತೆ ಅಂತ ಗುಪ್ತ ಮತ ಹಾಕಿದರು. ಪರಿಚಯದ ರೈಲ್ವೆ ನೌಕರರು ಯಾರಾದರೂ ಇದ್ದರೆ ಮತ ಹಾಕಿದ ದಿನದ ಬಗ್ಗೆ ಕೇಳಿ ನೋಡಿ. ಅವರು ಹೇಳಿದ್ದನ್ನು ನಮಗೂ ಬರೆಯಿರಿ, ಖಂಡಿತ ಪ್ರಕಟಿಸುತ್ತೇವೆ.

– ಸಂಪಾದಕ