ರೈಲುಗಳ ಅಡ್ಡಹೆಸರು ಬಾಯಿಪಾಠ ಮಾಡಿಕೊಂಡರೆ ಸಾಕಾ?

ಸಾಕಾಗಲ್ಲ. ರೈಲು ಪ್ರಿಯರ ಗುಂಪಿಗೆ ಹೊಸದಾಗಿ ಸೇರಿದ್ದೀನಿ, ಫುಲ್‌ಫಾರ್ಮ್ ಸಮೇತ ಪಟ್ಟಿ ಕೊಡಿ ಅಂತ ಕೇಳಿದ್ದೀರಿ. ಅಂಥ ಪಟ್ಟಿ ನನ್ನ ಹತ್ತಿರವೂ ಇತ್ತು, ತಾಪತ್ರಯ ಆಗಿದ್ದೇ ಅದರಿಂದ.

ಆಗ ನನಗೆ ದೆಹಲಿಯಲ್ಲಿ ಕೆಲಸ. ಊರು ಸಾಗರ, ಬೆಂಗಳೂರು–ದೆಹಲಿ ಗಾಡಿ ಹತ್ತಿದವನೇ ಅಲ್ಲ. ರೈಲ್ವೆಯಲ್ಲಿದ್ದ ದೊಡ್ಡಪ್ಪ ವಾಡಿಯಿಂದ ಫೋನ್ ಮಾಡಿ, "ನಿಮ್ಮಮ್ಮನ್ನ ಕೆಕೆ ಹತ್ತಿಸಿದೀನಿ ಕಣಪ್ಪಾ, ಹೋಗಿ ಇಳಿಸ್ಕೋ" ಅಂದರು. ಕೆಕೆ ಅಂದರೆ ಕರ್ನಾಟಕ–ಕೇರಳ ಅಂತ ಪಟ್ಟಿಯಲ್ಲಿತ್ತು. ಸುಳ್ಳೇನಲ್ಲ. ಎಪ್ಪತ್ತರ ದಶಕದಲ್ಲಿ ಶುರುವಾದಾಗ ಎರಡೂ ರಾಜ್ಯಕ್ಕೆ ಅದೊಂದೇ ಗಾಡಿ. ಆಮೇಲೆ ಕೇರಳ ಎಕ್ಸ್‌ಪ್ರೆಸ್ ಬೇರೆ, ಕರ್ನಾಟಕ ಎಕ್ಸ್‌ಪ್ರೆಸ್ ಬೇರೆ ಆಯಿತು. ಕೆಕೆ ಅನ್ನೋ ಹೆಸರು ಮಾತ್ರ ಬೆಂಗಳೂರಿನ ಗಾಡಿಗೇ ಉಳಿಯಿತು. ನನಗೆ ಗೊತ್ತಿಲ್ಲದ್ದು ಇಷ್ಟೇ. ನಿಲ್ದಾಣದ ಬೋರ್ಡಿನಲ್ಲಿ 'ಕೇರಳ ಎಕ್ಸ್‌ಪ್ರೆಸ್' ಅಂತ ನೋಡಿದ್ದೆ, ಇದೇ ಇರಬೇಕು ಅಂದುಕೊಂಡೆ. ವಿಚಾರಣೆ ಕೌಂಟರಿನಲ್ಲಿ ಕೆಕೆ ಎಷ್ಟೊತ್ತಿಗೆ ಅಂತ ಕೇಳಿದ್ದರೂ ಸರಿಯಾಗಿ ಹೇಳುತ್ತಿದ್ದರು. ಕೇರಳ ಎಷ್ಟೊತ್ತಿಗೆ ಅಂತ ಕೇಳಿದೆ. ಅವರು ಕೇರಳದ ವೇಳೆಯನ್ನೇ ಹೇಳಿದರು.

ಅದು ಬಂದು ಪೂರ್ತಿ ಖಾಲಿಯಾಯಿತು, ಅಮ್ಮ ಇಲ್ಲ. ಕರ್ನಾಟಕ ಬೆಳಿಗ್ಗೆಯೇ ಬಂದಿತ್ತು. ಪಹಾಡ್‌ಗಂಜ್ ಕಡೆ ಗೇಟಿನ ಹತ್ತಿರ, ರೊಟ್ಟಿ ಗಂಟು ತೊಡೆ ಮೇಲಿಟ್ಟುಕೊಂಡು ಕೂತಿದ್ದಳು. ನೀರು ತರಲು ಎದ್ದರೆ ಎಲ್ಲಿ ತಪ್ಪಿಹೋಗ್ತೀನೋ ಅಂತ ಅಷ್ಟು ಹೊತ್ತೂ ಜಾಗ ಬಿಟ್ಟು ಕದಲಿರಲಿಲ್ಲ. ಅವತ್ತು ಕಣ್ಣಿನ ಡಾಕ್ಟರ ಅಪಾಯಿಂಟ್‌ಮೆಂಟ್ ತಪ್ಪಿತು, ಇನ್ನೊಂದು ಸಿಗೋಕೆ ತಿಂಗಳ ಮೇಲಾಯಿತು.

ಅದಕ್ಕೇ ಪಟ್ಟಿ ಬೇಡ ಅನ್ನೋದು. ಹೆಸರು ನಿಲ್ಲುತ್ತೆ, ಗಾಡಿ ಬದಲಾಗುತ್ತೆ. ಜಿಟಿ ಅನ್ನೋ ಗ್ರ್ಯಾಂಡ್ ಟ್ರಂಕ್ 1929ರಲ್ಲಿ ಹೊರಟಿದ್ದು ಪೇಶಾವರದಿಂದ ನಮ್ಮ ಮಂಗಳೂರಿಗೆ. ಈಗ ಅದು ದೆಹಲಿ–ಚೆನ್ನೈ ಗಾಡಿ. ಮುಂಬೈಯ ಕುರ್ಲಾ ಟರ್ಮಿನಸ್‌ಗೆ ಲೋಕಮಾನ್ಯ ತಿಲಕರ ಹೆಸರಿಟ್ಟರೂ ಅಲ್ಲಿಗೆ ಹೋಗುವ ಗಾಡಿಗೆ ಜನ ಕುರ್ಲಾ ಅಂತಲೇ ಅಂತಾರೆ. ಮೈಸೂರಿನ ಟಿಪ್ಪು ಎಕ್ಸ್‌ಪ್ರೆಸ್ 2022ರಲ್ಲಿ ಒಡೆಯರ್ ಆಯಿತು. ದಿನಾ ಓಡಾಡೋರ ಬಾಯಲ್ಲಿ ಹಳೇ ಹೆಸರು ಅಷ್ಟು ಬೇಗ ಹೋಗುತ್ತಾ?

ಅಡ್ಡಹೆಸರು ಕಿವಿಗೆ ಬಿದ್ದ ಕೂಡಲೇ ನಂಬರ್ ಯಾವುದು, ಯಾವ ಮಾರ್ಗ ಅಂತ ಕೇಳಿ. ದೆಹಲಿಗೆ ಬರೋ ಕೇರಳ 12625, ಕೆಕೆ 12627. ಕೆಕೆ ವಾಡಿ, ಕಲಬುರಗಿ, ಸೊಲ್ಲಾಪುರದ ಮೇಲೆ ಬರುತ್ತೆ, ಕೇರಳ ಆ ದಿಕ್ಕಿಗೇ ಸುಳಿಯಲ್ಲ. ಗುಂಪಿನ ಹಳಬರು ಏನಂದುಕೊಳ್ತಾರೋ ಅಂತ ಹಿಂಜರಿಯಬೇಡಿ. ಇಂಥದ್ದು ಕೇಳಿದರೆ ಅವರು ಅರ್ಧ ಗಂಟೆ ಕೂರಿಸಿಕೊಂಡು ಹೇಳ್ತಾರೆ.